ಹೊಟ್ಟೆನೋವು ಮಗುವಿನದು, ಔಷಧ ಯಾರಿಗೆ?

ನಮ್ಮ ಸಂಘದ ಮುಂದಿನ ಆರೋಗ್ಯ ಶಿಬಿರದ ಅಂಗವಾಗಿ ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಉಚಿತವಾಗಿ ಹೊಟ್ಟೆಯ ಸೋನೋಗ್ರಫಿ ಮಾಡಿಸಬೇಕೆಂಬ ಸಲಹೆಯೊಂದು ಕಾರ್ಯಕಾರಿ ಸಮಿತಿಯ ಮುಂದೆ ಬಂದಿದೆ. ಸಲಹೆ ಕೊಟ್ಟವರು ಸದುದ್ದೇಶದವರು, ಅದರಲ್ಲಿ ನಮಗೆ ಅನುಮಾನವಿಲ್ಲ. ಸದಸ್ಯರ ಮನೆಗಳಲ್ಲಿ ಪದೇಪದೇ ಹೊಟ್ಟೆ ಹಿಡಿದುಕೊಂಡು ಕೂರುವ ಮಕ್ಕಳು ಬೇಕಾದಷ್ಟಿದ್ದಾರೆ. ಖರ್ಚಿಗೆ ದಾನಿಗಳು ಮುಂದೆ ಬಂದಿದ್ದಾರೆ. ಸ್ಕ್ಯಾನ್ ಕೇಂದ್ರದವರು ಅರ್ಧ ಬೆಲೆಗೆ ಒಪ್ಪಿದ್ದಾರೆ. ಇನ್ನೇನು ಯೋಚನೆ ಎಂಬುದು ಅವರ ವಾದ. ಯೋಚನೆ ಇದೆ. ಈ ಸಲಹೆಯನ್ನು ನಾವು ವಿರೋಧಿಸುತ್ತೇವೆ. ಸಭೆಯ ಗದ್ದಲದಲ್ಲಿ ಎರಡು ಮಾತಾಡಿ ಕೂರುವುದಕ್ಕಿಂತ, ಕಾರಣಗಳನ್ನು ಈ ಪುಟಗಳಲ್ಲಿ ವಿವರವಾಗಿ ಹೇಳುವುದು ಲೇಸೆಂದು ತೋರಿತು.

ಯಾವ ಹೊಟ್ಟೆನೋವಿನ ಮಾತಾಡುತ್ತಿದ್ದೇವೆಂಬುದು ಮೊದಲು ಸ್ಪಷ್ಟವಾಗಲಿ. ನಿನ್ನೆ ಬಂದು ನಾಳೆ ಹೋಗುವ ಅಜೀರ್ಣವಲ್ಲ. ಐದರಿಂದ ಹದಿನಾಲ್ಕರ ಒಳಗಿನ ಮಗು; ನೋವು ಹೊಕ್ಕುಳ ಸುತ್ತ; ಬೆಳಗ್ಗೆ ಶಾಲೆಯ ಸಮವಸ್ತ್ರ ತೊಡುವ ಹೊತ್ತಿಗೆ ಶುರು; ಮುಖ ಬಿಳಿಚಿಕೊಳ್ಳುತ್ತದೆ, ತಿಂಡಿಯ ತಟ್ಟೆ ಹಾಗೇ ಉಳಿಯುತ್ತದೆ. ಅರ್ಧ ಗಂಟೆಯೋ ಎರಡು ಗಂಟೆಯೋ ಕಳೆದ ಮೇಲೆ ಮಗು ಆಡುತ್ತಿರುತ್ತದೆ. ಹೀಗೆ ತಿಂಗಳುಗಟ್ಟಲೆ. ತೂಕ ಇಳಿದಿಲ್ಲ, ಜ್ವರವಿಲ್ಲ. ಮೂರು ಡಾಕ್ಟರರನ್ನು ಕಂಡಾಯಿತು, ರಕ್ತ, ಮೂತ್ರ, ಮಲ ಎಲ್ಲ ಪರೀಕ್ಷೆಯೂ ಸರಿಯಾಗಿಯೇ ಬಂತು. ಅಜ್ಜಿ ಊರಿನಿಂದ ಫೋನಿನಲ್ಲೇ ದೃಷ್ಟಿ ತೆಗೆಯುವ ವಿಧಾನ ಹೇಳಿದರು. ಇಂಗು ಹಾಕಿದ ಮಜ್ಜಿಗೆ, ಓಮದ ಕಷಾಯ, ಹೊಕ್ಕುಳಿಗೆ ಹರಳೆಣ್ಣೆ, ಜಂತುಹುಳುವಿನ ಮಾತ್ರೆ ಎಲ್ಲ ಮುಗಿಯಿತು. ನೋವು ಮಾತ್ರ ಸೋಮವಾರ ಬೆಳಗ್ಗೆ ಮತ್ತೆ ಹಾಜರು.

ಈ ಮಗುವಿನ ವಿಷಯದಲ್ಲಿ ನಮ್ಮವರಲ್ಲಿ ಎರಡು ಪಕ್ಷಗಳಿವೆ. ಎರಡೂ ತಪ್ಪು.

ಒಂದನೆಯ ಪಕ್ಷದವರು ಹೇಳುವುದು: ಇದು ಬರೀ ಸೋಗು, ಶಾಲೆ ತಪ್ಪಿಸುವ ಉಪಾಯ, ಎರಡು ಬಿಟ್ಟರೆ ಸರಿಹೋಗುತ್ತದೆ. ಈ ಮಹನೀಯರು ಕನ್ನಡವನ್ನೇ ಸರಿಯಾಗಿ ಕೇಳಿಸಿಕೊಂಡಿಲ್ಲವೆಂದು ನಮ್ಮ ಅಭಿಪ್ರಾಯ. ಅಸೂಯೆಗೆ ಹೊಟ್ಟೆಕಿಚ್ಚು ಎಂದವರು ಯಾರು? ಬೇರೆಯವರ ದುಃಖ ಕಂಡಾಗ ಕರುಳು ಚುರ್ರೆನ್ನುವುದು, ಭಯವಾದಾಗ ಹೊಟ್ಟೆಯಲ್ಲಿ ಕಲಸಿದಂತಾಗುವುದು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದು, ಇವೆಲ್ಲ ಯಾವ ಊರಿನ ಮಾತು? ಮನಸ್ಸಿಗಾದದ್ದು ಹೊಟ್ಟೆಗೂ ಆಗುತ್ತದೆಂದು ನಮ್ಮ ಅಜ್ಜಿಯಂದಿರಿಗೆ ಗೊತ್ತಿತ್ತು. ವಿಜ್ಞಾನದ ಪದವಿ ಪಡೆದ ಮೊಮ್ಮಕ್ಕಳಿಗೆ ಮಾತ್ರ ಪುರಾವೆ ಬೇಕು.

ಇರಲಿ, ಪುರಾವೆಯನ್ನೇ ಕೊಡೋಣ. ಕ್ಷ-ಕಿರಣ ಕಂಡುಹಿಡಿದದ್ದು 1895ರಲ್ಲಿ. ಅದರ ಮರುವರ್ಷವೇ ಅಮೆರಿಕದ ಹಾರ್ವರ್ಡ್‌ನಲ್ಲಿ ವಾಲ್ಟರ್ ಕ್ಯಾನನ್ ಎಂಬ ವೈದ್ಯ ವಿದ್ಯಾರ್ಥಿ ಬೆಕ್ಕುಗಳ ಆಹಾರಕ್ಕೆ ಬಿಸ್ಮತ್ ಬೆರೆಸಿ, ಅವುಗಳ ಜಠರ ಹೇಗೆ ಅಲೆಅಲೆಯಾಗಿ ಚಲಿಸುತ್ತದೆಂದು ಆ ಕಿರಣಗಳಲ್ಲಿ ನೋಡತೊಡಗಿದ. ಬೆಕ್ಕು ಕಂಗಾಲಾದೊಡನೆ ಜಠರದ ಅಲೆಗಳು ನಿಂತುಬಿಡುತ್ತಿದ್ದವು. ಬೆಕ್ಕು ಸಮಾಧಾನಗೊಂಡಾಗ ಮತ್ತೆ ಶುರುವಾಗುತ್ತಿದ್ದವು. 1898ರಲ್ಲಿ ಅವನು ಇದನ್ನು ಪ್ರಕಟಿಸಿದ. ಬೆಕ್ಕಿಗೆ ಸೋಗು ಹಾಕುವ ಅಗತ್ಯವಿರಲಿಲ್ಲ. ಯಾವ ಶಾಲೆಗೂ ಹೋಗಬೇಕಾಗಿರಲಿಲ್ಲ.

ಅನ್ನನಾಳದಿಂದ ಗುದದ್ವಾರದವರೆಗೆ ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಒಂದು ಬಲೆಯೇ ಇದೆ. ಮೆದುಳನ್ನೂ ಈ ಬಲೆಯನ್ನೂ ಜೋಡಿಸುವ ಮುಖ್ಯ ತಂತಿ ವೇಗಸ್ ನರ. ಅದರ ಎಳೆಗಳಲ್ಲಿ ಬಹುಪಾಲು ಕೆಳಗಿನ ಸುದ್ದಿಯನ್ನು ಮೇಲಕ್ಕೆ ಒಯ್ಯುವಂಥವು. ಉಂಡ ಅನ್ನ, ಸರಿಯುವ ವಾಯು, ತುಂಬಿದ ಕರುಳು ಎಲ್ಲದರ ವರದಿ ಕ್ಷಣಕ್ಷಣಕ್ಕೂ ಹೋಗುತ್ತಿರುತ್ತದೆ. ಸಾಧಾರಣವಾಗಿ ಮೆದುಳು ಅವನ್ನು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತದೆ. ಆದರೆ ಈ ಮಕ್ಕಳಲ್ಲಿ ಹಾಗಾಗುವುದಿಲ್ಲ. ಕರುಳಿನೊಳಗೆ ಪುಟ್ಟ ಬಲೂನು ಉಬ್ಬಿಸಿ ನೋಡಿದ ಪ್ರಯೋಗಗಳಲ್ಲಿ, ಬೇರೆ ಮಕ್ಕಳಿಗೆ ಬರೀ ಒತ್ತಡವೆನಿಸುವ ಮಟ್ಟದಲ್ಲೇ ಈ ಮಕ್ಕಳಿಗೆ ನೋವಾಗುವುದು ಕಂಡುಬಂದಿದೆ. ಅಂದರೆ ಗಂಟೆ ಬಾರಿಸುವ ಯಂತ್ರದ ತಿರುಪು ಬಿಗಿಯಾಗಿದೆ; ಸಣ್ಣ ಗಾಳಿಗೂ ಅದು ಹೊಡೆದುಕೊಳ್ಳುತ್ತದೆ. ಹೆದರಿಕೆ ಆ ತಿರುಪನ್ನು ಇನ್ನಷ್ಟು ಬಿಗಿ ಮಾಡುತ್ತದೆ. ಆದುದರಿಂದ ನೋವು ನಿಜ. ಅದನ್ನು ಸೋಗೆಂದು ಹೇಳಿ ಹೊಡೆಯುವವರು ಹೆದರಿಕೆಗೆ ಇನ್ನೊಂದು ಸುತ್ತು ಕೊಡುತ್ತಾರೆ, ಅಷ್ಟೆ.

ಎರಡನೆಯ ಪಕ್ಷ ಇದಕ್ಕಿಂತ ಸಭ್ಯರದು. ಹಾಗೆಯೇ ಹೆಚ್ಚು ಅಪಾಯಕಾರಿಯಾದದ್ದು. ನೋವು ನಿಜವಾದರೆ ರೋಗವೂ ಇರಲೇಬೇಕು, ರೋಗವಿದ್ದರೆ ಅದು ಚಿತ್ರದಲ್ಲಿ ಕಾಣಲೇಬೇಕು, ಕಾಣದಿದ್ದರೆ ಡಾಕ್ಟರರನ್ನು ಬದಲಿಸಬೇಕು ಎಂಬುದು ಇವರ ಸಿದ್ಧಾಂತ. ನಮ್ಮ ಸಂಘದ ಸಲಹೆ ಹುಟ್ಟಿರುವುದು ಈ ಪಕ್ಷದಲ್ಲಿ.

ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಮಕ್ಕಳ ವೈದ್ಯ ಜಾನ್ ಆಪ್ಲೆ, ನೋರಾ ನೇಶ್ ಎಂಬ ವೈದ್ಯೆಯೊಡನೆ ಒಂದು ಸಾವಿರ ಶಾಲಾಮಕ್ಕಳ ವಿಚಾರಣೆ ನಡೆಸಿ 1958ರಲ್ಲಿ ವರದಿ ಪ್ರಕಟಿಸಿದರು. ಮೂರು ತಿಂಗಳಲ್ಲಿ ಕನಿಷ್ಠ ಮೂರು ಸಲ, ದಿನದ ಕೆಲಸ ಕೆಡುವಷ್ಟು ಹೊಟ್ಟೆನೋವು ಬಂದ ಮಕ್ಕಳು ನೂರಕ್ಕೆ ಹತ್ತಕ್ಕಿಂತ ಸ್ವಲ್ಪ ಹೆಚ್ಚಿದ್ದರು. ಆಸ್ಪತ್ರೆಯಲ್ಲಿಟ್ಟು ಕೂಲಂಕಷವಾಗಿ ಪರೀಕ್ಷಿಸಿದ ಇಂಥ ಮಕ್ಕಳಲ್ಲಿ ಅಂಗಾಂಗದ ರೋಗವೆಂದು ತೋರಿಸಬಹುದಾದದ್ದು ಸಿಕ್ಕಿದ್ದು ನೂರಕ್ಕೆ ಹತ್ತು ಮಂದಿಯಲ್ಲೂ ಇಲ್ಲ. ಆದರೆ ಅವರ ಮನೆಗಳಲ್ಲಿ ಇನ್ನೊಂದು ಸಂಗತಿ ಸಿಕ್ಕಿತು: ಹೊಟ್ಟೆನೋವು, ತಲೆನೋವು, ನರಗಳ ದೌರ್ಬಲ್ಯವೆಂದು ನರಳುವ ಹಿರಿಯರು ಅಂಥ ಕುಟುಂಬಗಳಲ್ಲಿ ಉಳಿದವರಿಗಿಂತ ಹೆಚ್ಚು.

ಅದೇ ಬ್ರಿಸ್ಟಲ್‌ನ ಸುತ್ತಿನ ಏವನ್ ಪ್ರದೇಶದಲ್ಲಿ 1991-92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ತಾಯಿಯ ಬಸಿರಿನಿಂದಲೇ ಗಮನಿಸುತ್ತ ಬಂದ ದೊಡ್ಡ ಅಧ್ಯಯನವೊಂದಿದೆ. ಅದರಿಂದ 2006ರಲ್ಲಿ ತಿಳಿದುಬಂದ ಮಾತು ಇದು: ಮಗುವಿನ ಮೊದಲ ವರ್ಷದಲ್ಲಿ ತಂದೆತಾಯಿಗಳಿಗೆ ಆತಂಕ ಹೆಚ್ಚಾಗಿದ್ದಲ್ಲಿ, ಅದೇ ಮಗುವಿಗೆ ಆರೇಳು ವರ್ಷವಾದಾಗ ಪದೇಪದೇ ಹೊಟ್ಟೆನೋವು ಬರುವ ಸಂಭವ ಹೆಚ್ಚು. ತಾಯಿಯ ಆತಂಕ ಮಾತ್ರವಲ್ಲ, ತಂದೆಯದೂ. ಈ ಕೊನೆಯ ಮಾತನ್ನು ಓದುಗರು ದಯವಿಟ್ಟು ಎರಡು ಸಲ ಓದಬೇಕು. ಏಕೆಂದರೆ ನಮ್ಮಲ್ಲಿ ಮಗುವಿನ ಹೊಟ್ಟೆನೋವಿಗೆ ಮನಸ್ಸಿನ ಕಾರಣವೆಂದೊಡನೆ ಬೆರಳು ತಿರುಗುವುದು ತಾಯಿಯ ಕಡೆಗೆ. ಕೆಲಸಕ್ಕೆ ಹೋಗುವವಳಾದರೆ ಮಗುವಿನ ಗಮನವಿಲ್ಲವೆಂದು, ಮನೆಯಲ್ಲಿರುವವಳಾದರೆ ಅತಿ ಮುದ್ದೆಂದು. ಎಂಟೂ ಹದಿನೆಂಟರ ಲೋಕಲ್‌ನಿಂದಿಳಿದು, ಬಾಸ್ ಮೇಲಿನ ಸಿಟ್ಟನ್ನು ಚಪ್ಪಲಿಯೊಡನೆ ಬಾಗಿಲಲ್ಲಿ ಬಿಡದೆ ಒಳಗೆ ತರುವ ಗಂಡಸು ಈ ವಿಚಾರಣೆಯಲ್ಲಿ ಸಾಕ್ಷಿಯೂ ಅಲ್ಲ, ನ್ಯಾಯಾಧೀಶ! ಇದಾವ ನ್ಯಾಯ?

ಆತಂಕದ ಮನೆಯ ಮಕ್ಕಳಿಗೆಲ್ಲ ಹೊಟ್ಟೆನೋವು ಬರುತ್ತದೆಂದಾಗಲಿ, ಹೊಟ್ಟೆನೋವಿನ ಮಕ್ಕಳ ಮನೆಯೆಲ್ಲ ಆತಂಕದ್ದೆಂದಾಗಲಿ ಇದರ ಅರ್ಥವಲ್ಲ. ವರ್ಷಗಟ್ಟಲೆ ಮಗು ನರಳಿದರೆ ಎಂಥ ಗಟ್ಟಿಯವರಿಗೂ ಆತಂಕ ಹುಟ್ಟುತ್ತದೆ. ಬಂಡಿಯ ಎರಡು ಗಾಲಿ, ಒಂದನ್ನೊಂದು ತಿರುಗಿಸುತ್ತವೆ.

ಈಗ ನಮ್ಮ ಮನೆಗಳೊಳಗೆ ಬರೋಣ. ಡೊಂಬಿವಿಲಿಯಲ್ಲೋ ಠಾಣೆಯಲ್ಲೋ ಒಂದು ಕೋಣೆ, ಒಂದು ಅಡುಗೆಮನೆ, ಅದರಲ್ಲಿ ನಾಲ್ಕೈದು ಜನ. ಊರಿನಲ್ಲಾದರೆ ಜಗಲಿಯಿತ್ತು, ಹಿತ್ತಲಿತ್ತು, ದೊಡ್ಡವರ ಮಾತಿಗೆ ಒಂದು ಮೂಲೆಯಿತ್ತು. ಇಲ್ಲಿ ಮಗು ಮಲಗಿದೆಯೆಂದು ತಿಳಿದು ದೀಪವಾರಿಸಿ ಪಿಸುದನಿಯಲ್ಲಿ ಆಡುವ ಮಾತುಗಳೆಲ್ಲ ಅದರ ತಲೆಯಿಂದ ಮೂರಡಿ ದೂರದಲ್ಲಿ. ಮನೆಸಾಲದ ಕಂತು, ಬರಬಹುದಾದ ವರ್ಗಾವಣೆ, ಊರಿನಲ್ಲಿ ತಮ್ಮ ನುಂಗಿದ ಪಾಲಿನ ಗದ್ದೆ, ಹಾಸಿಗೆ ಹಿಡಿದ ಅತ್ತೆಯನ್ನು ಇಲ್ಲಿಗೆ ಕರೆತರಬೇಕೋ ಬೇಡವೋ. ಮಗುವಿಗೆ ಅರ್ಥವಾಗುವುದಿಲ್ಲವೆಂದು ನಂಬುವವರಿಗೆ ನಮಸ್ಕಾರ. ಅರ್ಥವಾಗದಿದ್ದರೆ ಇನ್ನೂ ಕಷ್ಟ. ಅರ್ಥವಾದ ಸಂಕಟಕ್ಕೆ ಒಂದು ಅಳತೆಯಿರುತ್ತದೆ. ದನಿಯಲ್ಲಿ ಮಾತ್ರ ಕೇಳಿದ ಸಂಕಟಕ್ಕೆ ಅಳತೆಯಿಲ್ಲ.

ಇದರ ಮೇಲೆ ಹಗಲಿನ ಮಂತ್ರ ಬೇರೆ: "ನಿನಗೋಸ್ಕರವೇ ಊರು ಬಿಟ್ಟು ಬಂದದ್ದು." ಹೊರನಾಡ ಕನ್ನಡಿಗರ ಮನೆಗಳಲ್ಲಿ ಈ ಮಾತು ಬಿದ್ದಷ್ಟು ಸಲ ದೇವರ ಹೆಸರೂ ಬೀಳುವುದಿಲ್ಲ. ನಿಜವಾಗಿ ನೋಡಿದರೆ ಹೆಚ್ಚಿನವರು ಬಂದದ್ದು ನೌಕರಿಗಾಗಿ, ಮಗು ಹುಟ್ಟುವ ಮೊದಲೇ! ಆದರೂ ಬಾಡಿಗೆ, ಸೆಕೆ, ನೆಂಟರಿಲ್ಲದ ಹಬ್ಬ, ಇವೆಲ್ಲದರ ಲೆಕ್ಕ ಮಗುವಿನ ಹೆಸರಿಗೆ ಬರೆಯಲಾಗುತ್ತದೆ, ಮತ್ತು ಅದನ್ನು ಮಾರ್ಕಿನಲ್ಲಿ ವಸೂಲು ಮಾಡಲಾಗುತ್ತದೆ. ಬೆಂಗಳೂರಿನ ಚಿಕ್ಕಪ್ಪನ ಮಗನಿಗೆ ನೂರಕ್ಕೆ ತೊಂಬತ್ತಾರು, ನಿನಗೆ? ಎಂಟನೆಯ ತರಗತಿಗೇ ಕೋಚಿಂಗ್. ಈ ಪ್ರಶ್ನೆಗೆ ಹತ್ತು ವರ್ಷದ ಜೀವ ಬಾಯಲ್ಲಿ ಉತ್ತರ ಕೊಡಲಾರದು. ಹೊಟ್ಟೆಯಲ್ಲಿ ಕೊಡುತ್ತದೆ.

ಹಾಗೆಂದು ಹೊಟ್ಟೆನೋವು ಬಂದಾಗ ಇದೇ ಮನೆಯವರು ನಿಷ್ಕರುಣಿಗಳೇ? ಅಲ್ಲವೇ ಅಲ್ಲ. ಆ ಅರ್ಧ ಗಂಟೆ ಮಗು ರಾಜ. ಅಪ್ಪ ಕಚೇರಿಗೆ ತಡವಾಗಿ ಹೋಗುತ್ತಾನೆ, ಅಮ್ಮ ಹೊಟ್ಟೆ ನೀವುತ್ತಾಳೆ, ಮಾರ್ಕಿನ ಮಾತು ಯಾರೂ ಎತ್ತುವುದಿಲ್ಲ. ಗಂಟೆಗೊಮ್ಮೆ "ಈಗ ಹೇಗಿದೆ?" ಎಂಬ ವಿಚಾರಣೆ. ಇದರ ಫಲವೇನೆಂದು ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಸಂಗಡಿಗರು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ್ದಾರೆ. ಮಕ್ಕಳಿಗೆ ಹೊಟ್ಟೆ ಬಿರಿಯುವಷ್ಟು ನೀರು ಕುಡಿಸಿ ಕಿರಿಕಿರಿಯಾಗುವಂತೆ ಮಾಡಿದರು. ಕೆಲವು ತಂದೆತಾಯಿಗಳಿಗೆ ನೋವಿನ ಬಗ್ಗೆಯೇ ಮಾತಾಡಿ, ಮರುಗಿ ಎಂದರು. ಕೆಲವರಿಗೆ ಬೇರೆ ವಿಷಯ ಮಾತಾಡಿ ಮಗುವಿನ ಗಮನ ತಿರುಗಿಸಿ ಎಂದರು. ಉಳಿದವರಿಗೆ ಏನೂ ಹೇಳಲಿಲ್ಲ. ಏನೂ ಹೇಳದವರ ಮಕ್ಕಳಿಗೆ ಹೋಲಿಸಿದರೆ, ಮರುಗಿದವರ ಮಕ್ಕಳ ದೂರು ಸುಮಾರು ಎರಡರಷ್ಟಾಯಿತು. ಗಮನ ತಿರುಗಿಸಿದವರ ಮಕ್ಕಳ ದೂರು ಅರ್ಧಕ್ಕಿಳಿಯಿತು. ಗಮನ ತಿರುಗಿಸಿದ್ದೇ ಹಿತವಾಯಿತೆಂದು ನೋವಿನ ಮಕ್ಕಳೇ ಹೇಳಿದರು. ಆದರೆ ಅವರ ತಂದೆತಾಯಿಗಳಿಗೆ ಅದೇ ಮಗುವಿಗೆ ಕೆಡುಕೆಂದು ತೋರಿತ್ತು. ಪ್ರೀತಿಯೂ ಹೆದರಿಕೆಯೂ ಒಂದೇ ಬಟ್ಟೆ ತೊಟ್ಟು ಬಂದರೆ ಹೀಗಾಗುತ್ತದೆ.

ಈಗ ಸ್ಕ್ಯಾನಿನ ವಿಷಯ. ಇನ್ನೂರು ಮಕ್ಕಳ ಹೊಟ್ಟೆಯನ್ನು ಸೋನೋಗ್ರಫಿಯಲ್ಲಿ ನೋಡಿದರೆ ಏನಾದರೂ ಕಾಣದಿರುತ್ತದೆಯೇ? ಕರುಳಿನ ಪೊರೆಯಲ್ಲಿ ಸಣ್ಣ ಗ್ರಂಥಿಗಳು ಕಾಣುತ್ತವೆ. ಆರೋಗ್ಯವಾಗಿರುವ ಮಕ್ಕಳಲ್ಲೂ ಅವು ಕಾಣುತ್ತವೆ. ಮಕ್ಕಳ ವೈದ್ಯರಿಗೆ ಇದು ಗೊತ್ತು. ಆದರೆ ವರದಿಯ ಕಾಗದದಲ್ಲಿ ಗ್ರಂಥಿ ಊದಿದೆಯೆಂದು ಇಂಗ್ಲಿಷಿನಲ್ಲಿ ಅಚ್ಚಾಗಿ ಬಂದಾಗ ಮನೆಯಲ್ಲಿ ರಾತ್ರಿ ಯಾರೂ ನಿದ್ದೆ ಮಾಡುವುದಿಲ್ಲ. ಬರೀ ಇಂಥ ಗ್ರಂಥಿಗಳ ಆಧಾರದ ಮೇಲೆ ಕ್ಷಯದ ಔಷಧಿಯನ್ನು ಆರು ತಿಂಗಳು ನುಂಗಿದ ಮಕ್ಕಳು ನಮ್ಮ ದೇಶದಲ್ಲಿ ಕಡಿಮೆಯಿಲ್ಲ. ಕ್ಷಯ ನಮ್ಮಲ್ಲಿ ನಿಜವಾದ ರೋಗ; ಆದುದರಿಂದಲೇ ಅದರ ಹೆಸರನ್ನು ಬೇರೆ ಪುರಾವೆಯಿಲ್ಲದೆ ಎತ್ತಬಾರದು. ಜಠರದ ಬ್ಯಾಕ್ಟೀರಿಯಾಕ್ಕೆ ಮಾಡಿಸುವ ರಕ್ತಪರೀಕ್ಷೆಯ ಕಥೆಯೂ ಹೀಗೆಯೇ. ಆ ಜೀವಿ ನಮ್ಮ ದೇಶದಲ್ಲಿ ಲಕ್ಷಾಂತರ ಮಂದಿಯ ಹೊಟ್ಟೆಯಲ್ಲಿ ತೆಪ್ಪಗಿರುತ್ತದೆ. ರಕ್ತದಲ್ಲಿ ಅದರ ಗುರುತು ಸಿಕ್ಕ ಮಾತ್ರಕ್ಕೆ ನೋವಿಗೆ ಅದೇ ಕಾರಣವಾಗುವುದಿಲ್ಲ. ಹೊಟ್ಟೆನೋವಿನ ಬಗ್ಗೆ ಜಗತ್ತಿನ ತಜ್ಞರು ಒಪ್ಪಿಕೊಂಡ ರೋಮ್ ನಿಯಮಗಳು ಎಂಬುವಿವೆ. 2016ರ ಪರಿಷ್ಕರಣೆಯಲ್ಲಿ ಅವರು, ಎಲ್ಲ ಪರೀಕ್ಷೆ ಮುಗಿಸಿ ಏನೂ ಇಲ್ಲವೆಂದು ಸಾಬೀತು ಮಾಡಿದ ಮೇಲೆಯೇ ಈ ನೋವನ್ನು ಗುರುತಿಸಬೇಕೆಂಬ ಧೋರಣೆಯನ್ನು ಬಿಟ್ಟರು. ಉಚಿತವಾದಷ್ಟು ತಪಾಸಣೆ ಸಾಕು ಎಂದರು. ನಮ್ಮವರು ಈ 'ಉಚಿತ'ವನ್ನು ಪುಕ್ಕಟೆಯೆಂದು ಓದಿಕೊಂಡ ಹಾಗಿದೆ.

ಪ್ರತಿ ಸ್ಕ್ಯಾನೂ ಮಗುವಿಗೆ ಒಂದು ಪಾಠ ಹೇಳುತ್ತದೆ: ನಿನ್ನೊಳಗೆ ಏನೋ ಇದೆ, ದೊಡ್ಡವರು ಹುಡುಕುತ್ತಿದ್ದಾರೆ, ಇನ್ನೂ ಸಿಕ್ಕಿಲ್ಲ. ತಂಪಾದ ಕೋಣೆಯಲ್ಲಿ ಹೊಟ್ಟೆಗೆ ಅಂಟು ಹಚ್ಚಿಸಿಕೊಂಡು, ಅಮ್ಮನ ಮುಖವನ್ನೇ ನೋಡುತ್ತ ಮಲಗಿದ ಮಗು ಆ ಪಾಠವನ್ನು ಶಾಲೆಯ ಪಾಠಕ್ಕಿಂತ ಚೆನ್ನಾಗಿ ಕಲಿಯುತ್ತದೆ.

ಹಾಗಾದರೆ ನಿಜವಾದ ರೋಗವಿದ್ದರೆ, ಎಂದು ಕೇಳುವಿರಿ. ನ್ಯಾಯವಾದ ಪ್ರಶ್ನೆ. ರೋಗ ತನ್ನ ಗುರುತುಗಳನ್ನು ಬಿಡುತ್ತದೆ. ಮಗುವಿನ ತೂಕ ಇಳಿಯುತ್ತಿದ್ದರೆ, ಎತ್ತರ ನಿಂತುಹೋಗಿದ್ದರೆ, ಬಿಡದ ಜ್ವರವಿದ್ದರೆ, ಮಲದಲ್ಲಿ ರಕ್ತ, ಹಸಿರು ವಾಂತಿ, ದಿನಗಟ್ಟಲೆಯ ಭೇದಿ, ನುಂಗಲು ಕಷ್ಟ, ಗಾಢನಿದ್ದೆಯಿಂದ ಎಬ್ಬಿಸುವ ನೋವು, ಕೀಲುಗಳ ಊತ, ಇವುಗಳಲ್ಲಿ ಒಂದಿದ್ದರೂ ತಡಮಾಡದೆ ವೈದ್ಯರಲ್ಲಿಗೆ ಓಡಬೇಕು. ಆಗ ಸ್ಕ್ಯಾನ್ ಬೇಕೆಂದು ಅವರೇ ಹೇಳುತ್ತಾರೆ. ನೋವು ಹೊಕ್ಕುಳಿಂದ ದೂರವಾದಷ್ಟೂ ಅಂಗದ ರೋಗವಿರುವ ಸಂಭವ ಹೆಚ್ಚು ಎಂಬುದು ಆಪ್ಲೆಯವರು ಕೊಟ್ಟ ಸರಳ ಸೂತ್ರ. ಒಮ್ಮಿಂದೊಮ್ಮೆಲೆ ಶುರುವಾಗಿ ಬಲಗಡೆಯ ಕೆಳಹೊಟ್ಟೆಗೆ ಇಳಿದು ನಿಂತ ನೋವಿಗೆ ಈ ಲೇಖನ ಓದುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ದಿಲ್ಲಿ ಕಡೆಯ ನಮ್ಮ ಬಂಧುಗಳಿಗೆ ಇನ್ನೊಂದು ಮಾತು: ಗೋಧಿ ಒಗ್ಗದ ಸೀಲಿಯಾಕ್ ರೋಗ ಉತ್ತರ ಭಾರತದಲ್ಲಿ ಹೆಚ್ಚು, ಬೆಳವಣಿಗೆ ಕುಂಠಿತವಾದ ಮಗುವಿಗೆ ಅದರ ಪರೀಕ್ಷೆ ಆಗಲೇಬೇಕು. ಇಷ್ಟನ್ನೂ ನೋಡಲು ಒಬ್ಬ ಒಳ್ಳೆಯ ಮಕ್ಕಳ ವೈದ್ಯರು, ಒಂದು ತೂಕದ ಯಂತ್ರ, ಒಂದು ಅಳತೆಪಟ್ಟಿ, ಹೆಚ್ಚೆಂದರೆ ನಾಲ್ಕು ಸಾಧಾರಣ ಪರೀಕ್ಷೆ ಸಾಕು.

ಅಂದಹಾಗೆ, ಯಾರೂ ಕೇಳದ ಇನ್ನೊಂದು ಕಾರಣವನ್ನೂ ಹೇಳಿಬಿಡೋಣ: ಮಲಬದ್ಧತೆ. ಬೆಳಗ್ಗೆ ಆರೂವರೆಗೆ ಶಾಲೆಯ ಬಸ್ಸು, ಐದು ಜನಕ್ಕೆ ಒಂದು ಪಾಯಖಾನೆ, ಅಪ್ಪನ ಸರದಿ ಮೊದಲು. ಶಾಲೆಯ ಪಾಯಖಾನೆಯ ವಾಸನೆಗೆ ಹೆದರಿ ಮಧ್ಯಾಹ್ನದವರೆಗೆ ತಡೆದುಕೊಂಡ ಮಗು ನೀರನ್ನೂ ಕುಡಿಯುವುದಿಲ್ಲ. ದಿನಾ ಹೀಗಾದರೆ ಹೊಟ್ಟೆ ನೋಯದೆ ಇನ್ನೇನು ನೋಯಬೇಕು? ಮಗುವನ್ನು ಇಪ್ಪತ್ತು ನಿಮಿಷ ಮೊದಲು ಎಬ್ಬಿಸಿ, ಅಪ್ಪನನ್ನು ಸರದಿಯಲ್ಲಿ ಹಿಂದೆ ನಿಲ್ಲಿಸಿದರೆ ಎಷ್ಟೋ ಮನೆಗಳ ನೋವು ಅರ್ಧ ಕಡಿಮೆಯಾದೀತು. ಇದಕ್ಕೆ ಯಾವ ದಾನಿಯೂ ಬೇಕಿಲ್ಲ.

ಭಾಷೆಯ ತೊಡಕೂ ಇದೆ. ಹೊಟ್ಟೆಗೆ ಆಗುವುದನ್ನು ಹೇಳಲು ಕನ್ನಡದಲ್ಲಿ ಎಷ್ಟು ಮಾತುಗಳು! ಉರಿ, ಉಬ್ಬರ, ನುಲಿತ, ತಳಮಳ, ಸಂಕಟ. ಡಾಕ್ಟರರ ಮುಂದೆ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳುವಾಗ ಇವೆಲ್ಲ ಒಂದೇ 'ದರ್ದ್' ಆಗಿಬಿಡುತ್ತವೆ. ಸಂಕಟವೆಂದೇ ಹೇಳಿದರಂತೂ ಮುಗಿಯಿತು. ಅವರ ಭಾಷೆಯಲ್ಲಿ ಅದು ವಿಪತ್ತು. ನಮ್ಮಲ್ಲಿ ಸಂಕಟ ಹೊಟ್ಟೆಯದೂ ಹೌದು, ಮನಸ್ಸಿನದೂ ಹೌದು. ಮಗು "ಹೊಟ್ಟೆ ಸಂಕಟ" ಎಂದಾಗ ಯಾವುದೆಂದು ಕೇಳುವ ವ್ಯವಧಾನವಿರುವ, ಉತ್ತರ ಅರ್ಥವಾಗುವ ವೈದ್ಯರು ಬೇಕು. ಇಲ್ಲದಿದ್ದಲ್ಲಿ ಚೀಟಿಯಲ್ಲಿ ಆಮ್ಲದ ಮಾತ್ರೆಯೂ ಒಂದು ಟಾನಿಕ್ಕೂ ಬೀಳುತ್ತವೆ.

ಮಾಡಬೇಕಾದದ್ದೇನೆಂಬುದು ರಹಸ್ಯವೇನಲ್ಲ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋನಾ ಲೆವಿ ಮತ್ತಿತರರು ಇನ್ನೂರು ಮಕ್ಕಳ ಮೇಲೆ ನಡೆಸಿದ ಪ್ರಯೋಗ 2010ರಲ್ಲಿ ಪ್ರಕಟವಾಯಿತು. ಮಗುವನ್ನೂ ತಂದೆ ಅಥವಾ ತಾಯಿಯನ್ನೂ ಒಟ್ಟಿಗೆ ಕೂರಿಸಿ ಮೂರೇ ಮೂರು ಬೈಠಕ್ಕುಗಳಲ್ಲಿ ಹೆದರಿಕೆಯನ್ನು ನಿಭಾಯಿಸುವುದು, ಮೈ ಸಡಿಲಿಸುವುದು, ನೋವಿಗೆ ಮರುಗುವ ಬದಲು ದಿನಚರಿಯನ್ನು ಬಿಡದಿರುವುದು, ಇಷ್ಟನ್ನು ಕಲಿಸಿದರು. ಬರೀ ಆರೋಗ್ಯದ ಮಾಹಿತಿ ಕೇಳಿದವರಿಗಿಂತ ಇವರ ಮಕ್ಕಳ ನೋವು ಹೆಚ್ಚು ಇಳಿಯಿತು. ಔಷಧದ ಅರ್ಧಭಾಗ ಕುಡಿದವರು ಹಿರಿಯರು, ಗುಣವಾದದ್ದು ಕಿರಿಯರಿಗೆ. ಮನೆಯಲ್ಲಿ ಇದರ ರೂಪ ಸಾದಾ: ನೋವು ನಿಜವೆಂದು ಒಮ್ಮೆ ಒಪ್ಪಿ ಹೇಳುವುದು, ಮತ್ತೆ ಮತ್ತೆ ಕೇಳದಿರುವುದು, ಹೇಗಾದರೂ ಶಾಲೆಗೆ ಕಳಿಸುವುದು, ಶಾಲೆಯಲ್ಲಿ ಹೊಡೆಯುವ ಮಾಸ್ತರರೋ ಕಾಡುವ ಹುಡುಗರೋ ಇದ್ದಾರೆಯೇ ಎಂದು ನೋವಿಲ್ಲದ ದಿನ ವಿಚಾರಿಸುವುದು. ನೋವಿಲ್ಲದ ದಿನವೂ ಮಗುವಿನ ಪಕ್ಕ ಹತ್ತು ನಿಮಿಷ ಕೂರುವುದು. ಹಿರಿಯರಿಗೆ ನಿದ್ದೆಗೆಡಿಸುವ ಆತಂಕವಿದ್ದರೆ, 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಎಂಬ ಸರ್ಕಾರಿ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಹಣವಿಲ್ಲ, ಭಾಷೆಗಳ ಆಯ್ಕೆಯಲ್ಲಿ ಕನ್ನಡವೂ ಇದೆ.

ಆದುದರಿಂದ ಸಮಿತಿಗೆ ನಮ್ಮ ಪ್ರತಿಸಲಹೆ ಹೀಗಿದೆ. ಸ್ಕ್ಯಾನಿಗೆಂದು ಒಟ್ಟಾದ ಹಣದಲ್ಲಿ ಕನ್ನಡ ಬಲ್ಲ ಒಬ್ಬ ಮಕ್ಕಳ ವೈದ್ಯರನ್ನೂ ಒಬ್ಬ ಮನೋವೈದ್ಯರನ್ನೂ ನಾಲ್ಕು ಭಾನುವಾರ ಕರೆಸಲಿ. ಒಂದು ಕುಟುಂಬಕ್ಕೆ ಅರ್ಧ ಗಂಟೆ. ಮಗು ಬರಲಿ, ಅಮ್ಮ ಬರಲಿ, ಅಪ್ಪನೂ ಬರಲೇಬೇಕು, ಬಾರದಿದ್ದರೆ ಸರದಿ ರದ್ದು. ಮಗುವಿನೊಡನೆ ಹತ್ತು ನಿಮಿಷ ಪ್ರತ್ಯೇಕ ಮಾತುಕತೆ. ವಾಚನಾಲಯದ ಹಿಂದಿನ ಕೋಣೆ ಬೆಳಗ್ಗೆ ಹತ್ತರಿಂದ ಒಂದರವರೆಗೆ ಖಾಲಿಯಿರುತ್ತದೆ. ಕಾಗದಪತ್ರ, ಸರದಿಯ ಚೀಟಿ, ಕುರ್ಚಿಗಳ ವ್ಯವಸ್ಥೆ ನಾವು ನೋಡಿಕೊಳ್ಳುತ್ತೇವೆ.